ಇಪ್ಪತ್ತೊಂಬತ್ತು ಸ್ಥಾನಗಳ ಸಂಖ್ಯೆ ಮತ್ತು ವೀರಸೇನಾಚಾರ್ಯರ ಸತ್ಯನಿಷ್ಠೆ

ಘಟಪ್ರಭಾ ನದಿಯ ನೀರುಂಡು ಬೆಳೆದ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯು ಒಂದು ಕಾಲಕ್ಕೆ ಸಂಖ್ಯೆಯಿಂದಲೇ ಹೆಸರು ಪಡೆದ ನಾಡಿಗೆ ಸೇರಿತ್ತು. ರಟ್ಟ ಅರಸರ ಶಾಸನಗಳು ತಮ್ಮ ಆಳ್ವಿಕೆಯ ನಾಡನ್ನು 'ಕೂಂಡಿ ಮೂರುಸಾಸಿರ' ಎಂದು ಕರೆಯುತ್ತವೆ. ಮೊದಲು ಸವದತ್ತಿಯಿಂದಲೂ ಅನಂತರ ವೇಣುಗ್ರಾಮ, ಅಂದರೆ ಇಂದಿನ ಬೆಳಗಾವಿಯಿಂದಲೂ ಆಳಿದ ಈ ರಟ್ಟರು ಜಿನಧರ್ಮಕ್ಕೆ ಆಶ್ರಯವಿತ್ತವರು. ಅವರ ಕಾಲದ ಬಸದಿಗಳಲ್ಲಿ ಎಷ್ಟೋ ಇಂದು ಉಳಿದಿಲ್ಲ. ಉಳಿದ ಕಲ್ಬರಹಗಳಲ್ಲಿ ಮಾತ್ರ ದಾನಿಯ ಹೆಸರಿನ ಪಕ್ಕದಲ್ಲಿ ಅಳತೆಯೂ ತಿಥಿಯೂ ವರ್ಷವೂ ತಪ್ಪದೆ ನಿಂತಿವೆ. ಧರ್ಮವು ಭಾವದಲ್ಲಿ ನೆಲೆಸಿದರೂ ದಾನವು ಲೆಕ್ಕದಲ್ಲಿ ನೆಲೆಸಬೇಕೆಂಬುದನ್ನು ನಮ್ಮ ಹಿರಿಯರು ಚೆನ್ನಾಗಿ ಅರಿತಿದ್ದರು.

ಗೋಕಾಕದಲ್ಲಿ ದೊರೆತ ದೆಜ್ಜ ಮಹಾರಾಜನ ಕಾಲದ ತಾಮ್ರಪಟಗಳು ಇದಕ್ಕೆ ಅತ್ಯಂತ ಹಳೆಯ ಸಾಕ್ಷಿ. ಸೇಂದ್ರಕ ವಂಶದ ಇಂದ್ರನಂದನು ಅರ್ಹಂತರ ಪೂಜೆಗಾಗಿ ಜಂಬುಖಂಡ ಗಣದ ಆರ್ಯನಂದಿ ಆಚಾರ್ಯರಿಗೆ 50 ನಿವರ್ತನ ಭೂಮಿಯನ್ನು ದಾನವಿತ್ತುದನ್ನು ಅವು ತಿಳಿಸುತ್ತವೆ. ಆ ದಾನದ ಕಾಲವನ್ನು ಒಂದು ಪ್ರಾಚೀನ ರಾಜಪರಂಪರೆಯ 845ನೆಯ ವರ್ಷವೆಂದು ಅದರಲ್ಲಿ ನಮೂದಿಸಲಾಗಿದೆ. ಇಂದು ಮೂಡಲಗಿ ತಾಲ್ಲೂಕಿನಲ್ಲಿರುವ ಕಲ್ಲೋಳಿಯ ಶಾಸನವು 1204ರದು. ರಟ್ಟ ನಾಲ್ಕನೆಯ ಕಾರ್ತವೀರ್ಯನೂ ಅವನ ತಮ್ಮ ಮಲ್ಲಿಕಾರ್ಜುನನೂ ವೇಣುಗ್ರಾಮದಿಂದ ಆಳುತ್ತಿದ್ದಾಗ, ಕಲ್ಪೊಳೆ ಎಂದು ಕರೆಯಲ್ಪಡುತ್ತಿದ್ದ ಈ ಊರಿನ ಶಾಂತಿನಾಥ ಜಿನಾಲಯಕ್ಕಾಗಿ ಶುಭಚಂದ್ರ ಭಟ್ಟಾರಕರಿಗೆ ದಾನ ಸಂದಿತು. ಗೋಕಾಕ ಜಲಪಾತದ ಸಮೀಪದ ಕೊಣ್ಣೂರಿನಲ್ಲಿಯೂ ರಟ್ಟರ ಕಾಲದ ಜೈನ ಶಾಸನವಿದೆ. ರಾಷ್ಟ್ರಕೂಟ ಅಮೋಘವರ್ಷನ 860ರ ದಾನವನ್ನು ಹೇಳುವ ಪ್ರಸಿದ್ಧ ಶಾಸನವು ಗದಗ ಜಿಲ್ಲೆಯ ಇನ್ನೊಂದು ಕೊಣ್ಣೂರಿನದು. ಹೆಸರು ಒಂದೇ ಎಂದು ಊರೂ ಒಂದೇ ಎಂದು ತಿಳಿಯಬಾರದು. ಮುಂದೆ ಹೇಳಲಿರುವ ಕಥನಕ್ಕೂ ಈ ಎಚ್ಚರಿಕೆಗೂ ಸಂಬಂಧವಿದೆ.

ಕನ್ನಡದಲ್ಲಿ ಗಣಿತಗ್ರಂಥಗಳನ್ನು ರಚಿಸಿದ ಜೈನಕವಿ ರಾಜಾದಿತ್ಯನೂ ಈ ಸೀಮೆಯವನೇ. ಹನ್ನೆರಡನೆಯ ಶತಮಾನದಲ್ಲಿದ್ದ ಅವನು 'ವ್ಯವಹಾರಗಣಿತ', 'ಕ್ಷೇತ್ರಗಣಿತ' ಮೊದಲಾದ ಕೃತಿಗಳನ್ನು ಬರೆದನು. ಅವನ ಊರು ಕೂಂಡಿ ಮಂಡಲದ ಪೂವಿನಬಾಗೆ. ವಿದ್ವಾಂಸರು ಅದನ್ನು ಗೋಕಾಕ, ಮೂಡಲಗಿಗಳ ನೆರೆಯ ರಾಯಬಾಗವೆಂದು ಗುರುತಿಸುತ್ತಾರೆ. ವ್ಯಾಪಾರಿಯ ತೂಕ, ಒಕ್ಕಲಿಗನ ಹೊಲದ ಅಳತೆ, ಕೂಲಿಯ ಹಂಚಿಕೆ ಇವೆಲ್ಲ ಶಾಸ್ತ್ರದ ವಿಷಯವಾಗಬಲ್ಲವೆಂದು ತೋರಿಸಿದವರಲ್ಲಿ ಅವನು ಪ್ರಮುಖನು.

ಜೈನರಿಗೆ ಗಣಿತವು ಕೇವಲ ವ್ಯವಹಾರಕ್ಕೆ ಸೀಮಿತವಾಗಿರಲಿಲ್ಲ. ಜೀವರಾಶಿ ಎಷ್ಟು, ಲೋಕದ ಪರಿಮಾಣವೆಷ್ಟು, ಕಾಲದ ಅಳತೆ ಏನು ಎಂಬ ಪ್ರಶ್ನೆಗಳು ಕರಣಾನುಯೋಗದ ಜೀವಾಳ. ಈ ಪ್ರಶ್ನೆಗಳ ನಡುವೆ ಒಂದು ದೊಡ್ಡ ಪೂರ್ಣಸಂಖ್ಯೆಯು ಶತಮಾನಗಳ ಕಾಲ ನಮ್ಮ ಆಚಾರ್ಯರ ಗಮನವನ್ನು ಸೆಳೆಯಿತು. ಪರ್ಯಾಪ್ತ ಮನುಷ್ಯರ, ಅಂದರೆ ಪೂರ್ಣ ವಿಕಾಸ ಹೊಂದಿದ ಮನುಷ್ಯಜೀವಿಗಳ ಸಂಖ್ಯೆ ಎಂದು ಪರಂಪರೆಯಲ್ಲಿ ಬಂದ ಆ ಸಂಖ್ಯೆ ಇದು:

79228162514264337593543950336

ಎಣಿಸಿ ನೋಡಿದರೆ ಇದರಲ್ಲಿ 29 ಸ್ಥಾನಗಳಿವೆ. ಅಮೋಘವರ್ಷ ನೃಪತುಂಗನ ಕಾಲದಲ್ಲಿ 'ಗಣಿತಸಾರಸಂಗ್ರಹ'ವನ್ನು ರಚಿಸಿದ ಮಹಾವೀರಾಚಾರ್ಯರು ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾರೆ. ಈ ಸಂಖ್ಯೆಯಾದರೋ ಆ ಹೆಸರುಗಳೆಲ್ಲ ಮುಗಿದ ಮೇಲೂ ಐದು ಸ್ಥಾನ ಮುಂದೆ ಹೋಗುತ್ತದೆ.

ಇದರ ಗಾತ್ರವನ್ನು ಮನಸ್ಸಿಗೆ ತಂದುಕೊಳ್ಳಲು ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯವನ್ನು ನೆನೆಯಬಹುದು. ಅದರ ಸಾಮರ್ಥ್ಯ ಸುಮಾರು 51 ಟಿ.ಎಂ.ಸಿ., ಅಂದರೆ 5100 ಕೋಟಿ ಘನ ಅಡಿ. ಅದನ್ನು ನೀರಿನ ಬದಲು ಜೋಳದ ಕಾಳಿನಿಂದ ತುಂಬಿದ್ದೇವೆಂದು ಭಾವಿಸೋಣ. ಒಂದು ಘನ ಅಡಿಯಲ್ಲಿ ಏಳು ಲಕ್ಷ ಕಾಳು ಹಿಡಿಯುತ್ತವೆಂದು ಅಂದಾಜಿಗೆ ಇಟ್ಟುಕೊಂಡರೂ, ಮೇಲಿನ ಸಂಖ್ಯೆಯಷ್ಟು ಕಾಳುಗಳನ್ನು ತುಂಬಿಡಲು ಅಂಥ ಎರಡು ಲಕ್ಷ ಕೋಟಿಗೂ ಮಿಕ್ಕ ಜಲಾಶಯಗಳು ಬೇಕಾಗುತ್ತವೆ. ಹೀಗಿದ್ದರೂ ಇದು ಜೈನಗಣಿತದಲ್ಲಿ 'ಸಂಖ್ಯಾತ'ವೇ. ಎಣಿಕೆಗೆ ಸಿಲುಕುವ ಸಂಖ್ಯೆಯೇ. ಅಸಂಖ್ಯಾತ, ಅನಂತಗಳು ಇದರಾಚೆಗಿನ ಮಾತು.

ಈ ಸಂಖ್ಯೆಯು ಯಾರೋ ಮನಸ್ಸಿಗೆ ಬಂದಂತೆ ಬರೆದ ಅಂಕಿಗಳ ಸಾಲಲ್ಲ. ಅದರ ಹುಟ್ಟು ಎರಡು ಎಂಬ ಸಣ್ಣ ಸಂಖ್ಯೆಯಲ್ಲಿದೆ. ಎರಡನ್ನು ವರ್ಗಿಸಿದರೆ 4. ಇದು ಪ್ರಥಮ ವರ್ಗ. ಅದನ್ನು ವರ್ಗಿಸಿದರೆ 16, ಮತ್ತೆ 256, ಮತ್ತೆ 65536. ಐದನೆಯ ವರ್ಗ 4294967296. ಆರನೆಯ ವರ್ಗ 18446744073709551616. ಹೀಗೆ ವರ್ಗದ ಮೇಲೆ ವರ್ಗವಾಗಿ ಹರಿಯುವ ಸಾಲಿಗೆ ನಮ್ಮ ಶಾಸ್ತ್ರಗಳಲ್ಲಿ 'ದ್ವಿರೂಪವರ್ಗಧಾರೆ' ಎಂದು ಹೆಸರು. ನಾಲ್ಕು, ಐದು, ಆರನೆಯ ವರ್ಗಗಳನ್ನು ಪ್ರಾಕೃತದಲ್ಲಿ ಪಣ್ಣಟ್ಠಿ, ಬಾದಾಲ, ಏಕ್ಕಟ್ಠಿ ಎಂದು ಕರೆದರು. 65, 42, 18 ಎಂಬ ಆರಂಭದ ಅಂಕಿಗಳನ್ನೇ ಹಿಡಿದು ಇಟ್ಟ ಮುದ್ದಿನ ಹೆಸರುಗಳಿವು. ಐದನೆಯ ವರ್ಗವನ್ನು ಆರನೆಯ ವರ್ಗದಿಂದ ಗುಣಿಸಿದರೆ ನಮ್ಮ 29 ಸ್ಥಾನಗಳ ಸಂಖ್ಯೆ ದೊರೆಯುತ್ತದೆ. ಐದನೆಯ ವರ್ಗವನ್ನು ಘನ ಮಾಡಿದರೂ ಅದೇ ಸಂಖ್ಯೆ ಬರುತ್ತದೆ. ಏಕೆಂದರೆ ಆರನೆಯ ವರ್ಗವೆಂಬುದು ಐದನೆಯ ವರ್ಗವನ್ನು ಅದರಿಂದಲೇ ಒಮ್ಮೆ ಗುಣಿಸಿದ್ದು. ಅದನ್ನು ಮತ್ತೊಮ್ಮೆ ಐದನೆಯ ವರ್ಗದಿಂದ ಗುಣಿಸಿದರೆ ಘನವಾಗಲೇಬೇಕು.

ಚದುರಂಗದ ಮಣೆಯ ಕಥೆಯನ್ನು ಕೇಳದವರಿಲ್ಲ. ಮೊದಲ ಮನೆಗೆ ಒಂದು ಕಾಳು, ಮುಂದಿನ ಪ್ರತಿ ಮನೆಗೆ ಇಮ್ಮಡಿ ಎಂದು ಇಡುತ್ತ ಹೋದರೆ 64 ಮನೆಗಳಲ್ಲಿ ಕೂಡುವ ಒಟ್ಟು ಕಾಳು ಏಕ್ಕಟ್ಠಿಗಿಂತ ಒಂದು ಕಡಿಮೆ. ಆ ರಾಶಿಯನ್ನೇ ಕೊಡಲಾಗದೆ ಕಥೆಯ ಅರಸನು ಸೋತನು. ನಮ್ಮ ಸಂಖ್ಯೆಯನ್ನು ತಲುಪಲು ಮಣೆಯ ಮನೆಗಳು ಮುಗಿದ ಮೇಲೂ 33 ಸಲ ಇಮ್ಮಡಿಸಬೇಕು.

ಇಮ್ಮಡಿಸುವುದಕ್ಕೆ ಪ್ರತಿಯಾದ ಕ್ರಿಯೆ ಅರ್ಧಿಸುವುದು. ಒಂದು ಸಂಖ್ಯೆಯನ್ನು ಒಂದು ಉಳಿಯುವವರೆಗೆ ಎಷ್ಟು ಸಲ ಅರ್ಧ ಮಾಡಬಹುದೋ ಆ ಎಣಿಕೆಗೆ ಜೈನಾಚಾರ್ಯರು 'ಅರ್ಧಚ್ಛೇದ' ಎಂಬ ಹೆಸರಿಟ್ಟರು. 16ರ ಅರ್ಧಚ್ಛೇದ 4. ಐದನೆಯ ವರ್ಗದ ಅರ್ಧಚ್ಛೇದ 32, ಆರನೆಯ ವರ್ಗದ್ದು 64. ಎರಡು ಸಂಖ್ಯೆಗಳನ್ನು ಗುಣಿಸಿದಾಗ ಅವುಗಳ ಅರ್ಧಚ್ಛೇದಗಳನ್ನು ಕೂಡಿದರೆ ಸಾಕೆಂಬ ನಿಯಮವನ್ನೂ ಅವರು ಬಲ್ಲವರಾಗಿದ್ದರು. ಆದುದರಿಂದ ನಮ್ಮ ಸಂಖ್ಯೆಯ ಅರ್ಧಚ್ಛೇದ 32 ಮತ್ತು 64 ಕೂಡಿ 96. ಶ್ವೇತಾಂಬರ ಪರಂಪರೆಯ 'ಅನುಯೋಗದ್ವಾರ ಸೂತ್ರ'ವೂ ಇದನ್ನು 96 ಸಲ ಅರ್ಧಿಸಬಹುದಾದ ಸಂಖ್ಯೆ ಎಂದೇ ಹೇಳುತ್ತದೆ. ಯೂರೋಪಿನಲ್ಲಿ ಜಾನ್ ನೇಪಿಯರನ ಲಾಗರಿದಮ್ ಕೋಷ್ಟಕಗಳು ಪ್ರಕಟವಾದುದು 1614ರಲ್ಲಿ. ಗುಣಾಕಾರವನ್ನು ಸಂಕಲನವಾಗಿಸುವ ಅದೇ ತತ್ತ್ವದ ಬೀಜವನ್ನು ಅರ್ಧಚ್ಛೇದದಲ್ಲಿ ಕಾಣಬಹುದು. ಇಂದಿನ ಗಣಕಯಂತ್ರವು ಬಳಸುವ ದ್ವಿಮಾನ ಪದ್ಧತಿಯಲ್ಲಿ ಈ ಸಂಖ್ಯೆಯನ್ನು ಬರೆದರೆ ಒಂದರ ಮುಂದೆ 96 ಸೊನ್ನೆಗಳು ನಿಲ್ಲುತ್ತವೆ. ಅರ್ಧಚ್ಛೇದವೇ ಅಲ್ಲಿ ಸೊನ್ನೆಗಳ ಎಣಿಕೆ.

ಇನ್ನೂ ಕೆಲವು ಗುಣಗಳನ್ನು ಗಮನಿಸಬಹುದು. ಈ ಸಂಖ್ಯೆಯು ಪೂರ್ಣವರ್ಗವೂ ಹೌದು, ಪೂರ್ಣಘನವೂ ಹೌದು. 281474976710656 ಇದರ ವರ್ಗಮೂಲ, ಬಾದಾಲವು ಘನಮೂಲ. ಎರಡಲ್ಲದೆ ಬೇರೆ ಯಾವ ಅವಿಭಾಜ್ಯ ಸಂಖ್ಯೆಯೂ ಇದನ್ನು ಭಾಗಿಸದು. 3, 5, 7, 9, 13, 17 ಇವುಗಳಲ್ಲಿ ಯಾವುದರಿಂದ ಭಾಗಿಸಿದರೂ ಉಳಿಯುವ ಶೇಷ ಒಂದೇ. ಒಂದನ್ನೂ ತನ್ನನ್ನೂ ಸೇರಿಸಿ ಇದಕ್ಕೆ 97 ಭಾಜಕಗಳಿವೆ. ತನ್ನನ್ನು ಬಿಟ್ಟು ಉಳಿದ 96 ಭಾಜಕಗಳನ್ನು ಕೂಡಿದರೆ ಬರುವ ಮೊತ್ತ ಈ ಸಂಖ್ಯೆಗಿಂತ ಕೇವಲ ಒಂದು ಕಡಿಮೆ.

ಇಷ್ಟು ದೊಡ್ಡ ಗುಣಾಕಾರವು ಸರಿಯೇ ಎಂದು ಸಾಮಾನ್ಯ ಓದುಗನೂ ತಾಳೆ ನೋಡಬಹುದು. ಬಾದಾಲದ ಅಂಕಿಗಳನ್ನು ಕೂಡಿದರೆ 58. ಅದನ್ನು ಮತ್ತೆ ಕೂಡಿದರೆ 13, ಕೊನೆಗೆ 4. ಏಕ್ಕಟ್ಠಿಯ ಅಂಕಿಗಳನ್ನು ಕೂಡಿದರೆ 88, ಅದರಿಂದ 16, ಕೊನೆಗೆ 7. ನಾಲ್ಕೇಳಲಿ 28, ಅದರ ಅಂಕಿಗಳ ಮೊತ್ತ 10, ಕೊನೆಗೆ 1. ನಮ್ಮ ಸಂಖ್ಯೆಯ 29 ಅಂಕಿಗಳ ಮೊತ್ತ 127. ಅದರಿಂದಲೂ 10, ಕೊನೆಗೆ 1. ತಾಳೆ ಸರಿಹೋಗುತ್ತದೆ. ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಬಾಯಿಂದ ಬಾಯಿಗೆ, ಓಲೆಯಿಂದ ಓಲೆಗೆ ಸಾಗಿ ಬಂದ ಅಂಕಿಗಳಲ್ಲಿ ಒಂದಾದರೂ ಜಾರಿಲ್ಲವೆಂಬುದು ನಮ್ಮ ಲಿಪಿಕಾರರ ಶ್ರದ್ಧೆಗೆ ಸಾಕ್ಷಿ.

ಇಲ್ಲಿಯವರೆಗಿನದು ಸಂಖ್ಯೆಯ ಸ್ವರೂಪ. ಅದರ ಸುತ್ತ ನಡೆದ ವಿಚಾರವು ಇನ್ನೂ ಗಹನವಾದುದು.

ಪುಷ್ಪದಂತ, ಭೂತಬಲಿ ಆಚಾರ್ಯರ 'ಷಟ್ಖಂಡಾಗಮ'ದಲ್ಲಿ ಪರ್ಯಾಪ್ತ ಮನುಷ್ಯರ ಸಂಖ್ಯೆಗೆ ಎರಡು ಎಲ್ಲೆಗಳನ್ನು ಹೇಳಿದೆ. ಅದು ಆರನೆಯ ವರ್ಗಕ್ಕಿಂತ ಮೇಲೆ, ಏಳನೆಯ ವರ್ಗಕ್ಕಿಂತ ಕೆಳಗೆ ಇರಬೇಕು. ಹಾಗೆಯೇ ಕೋಡಾಕೋಡಾಕೋಡಿಗಿಂತ ಮೇಲೆ, ಕೋಡಾಕೋಡಾಕೋಡಾಕೋಡಿಗಿಂತ ಕೆಳಗೆ ಇರಬೇಕು. ಕೋಟಿಯನ್ನು ಮೂರು ಸಲ ಇಟ್ಟು ಗುಣಿಸಿದರೆ ಮೊದಲನೆಯ ಎಲ್ಲೆ. ಒಂದರ ಮುಂದೆ 21 ಸೊನ್ನೆ. ನಾಲ್ಕು ಸಲ ಇಟ್ಟು ಗುಣಿಸಿದರೆ ಎರಡನೆಯ ಎಲ್ಲೆ. ಒಂದರ ಮುಂದೆ 28 ಸೊನ್ನೆ.

ಈ ಆಗಮಕ್ಕೆ 'ಧವಲಾ' ಎಂಬ ಮಹಾಟೀಕೆಯನ್ನು ಬರೆದವರು ವೀರಸೇನಾಚಾರ್ಯರು. ರಾಷ್ಟ್ರಕೂಟರ ಕಾಲದಲ್ಲಿ, 816ರಲ್ಲಿ ಅದು ಮುಗಿಯಿತೆಂದು ಸಾಮಾನ್ಯವಾಗಿ ಒಪ್ಪಲಾಗಿದೆ. ಅದರ ಪರಿಮಾಣ 72,000 ಶ್ಲೋಕಗಳಷ್ಟು. ಅವರು ಆರಂಭಿಸಿದ 'ಜಯಧವಲಾ' ಟೀಕೆಯನ್ನು ಶಿಷ್ಯರಾದ ಜಿನಸೇನಾಚಾರ್ಯರು 837ರಲ್ಲಿ ಪೂರ್ಣಗೊಳಿಸಿದರು. ಮನುಷ್ಯಸಂಖ್ಯೆಯ ಪ್ರಸಂಗ ಬಂದಾಗ ವೀರಸೇನರ ಮುಂದೆ ಪರಂಪರೆಯಿಂದ ಬಂದ ಈ 29 ಸ್ಥಾನಗಳ ಸಂಖ್ಯೆಯಿತ್ತು. ಬೇರೆ ಆಚಾರ್ಯರು ಅದನ್ನು ಹೇಳುತ್ತಿದ್ದರು. ಸುಂದರವಾದ ರಚನೆ, ಎರಡರ ಶುದ್ಧ ಘಾತ, ಆರನೆಯ ಮತ್ತು ಏಳನೆಯ ವರ್ಗಗಳ ನಡುವೆಯೇ ನಿಲ್ಲುವ ಸಂಖ್ಯೆ. ಒಪ್ಪಿಕೊಂಡು ಮುಂದೆ ಸಾಗಲು ಯಾವ ಅಡ್ಡಿಯೂ ಕಾಣುತ್ತಿರಲಿಲ್ಲ.

ವೀರಸೇನರು ಎರಡನೆಯ ಎಲ್ಲೆಯನ್ನೂ ನೋಡಿದರು. ಕೋಟಿಯನ್ನು ನಾಲ್ಕು ಸಲ ಗುಣಿಸಿದ ಸಂಖ್ಯೆಗೂ 29 ಸ್ಥಾನ. ಪರಂಪರೆಯ ಸಂಖ್ಯೆಗೂ 29 ಸ್ಥಾನ. ಸ್ಥಾನಗಳ ಎಣಿಕೆ ಸಮವಾದುದರಿಂದ ಕಣ್ಣಿಗೆ ಎರಡೂ ಸಮೀಪವೆಂದೇ ತೋರುತ್ತದೆ. ಆದರೆ ಮೊದಲನೆಯದರ ಆರಂಭದ ಅಂಕಿ 1, ಎರಡನೆಯದರ ಆರಂಭದ ಅಂಕಿ 7. ಎಲ್ಲೆಗಿಂತ ಕಡಿಮೆ ಇರಬೇಕಾದ ಸಂಖ್ಯೆಯು ಎಲ್ಲೆಯ ಸುಮಾರು ಎಂಟುಪಟ್ಟು ಆಗಿದೆ. ಆಗಮದ ಒಂದು ಮಾತಿಗೆ ಹೊಂದುವುದು ಇನ್ನೊಂದು ಮಾತನ್ನು ಮೀರುತ್ತದೆ.

ಅವರು ಅಷ್ಟಕ್ಕೇ ನಿಲ್ಲಲಿಲ್ಲ. ಮನುಷ್ಯಲೋಕದ ಕ್ಷೇತ್ರಫಲವನ್ನು ಲೆಕ್ಕ ಹಾಕಿ, ಅಷ್ಟು ಮನುಷ್ಯರು ಅಷ್ಟು ಕ್ಷೇತ್ರದಲ್ಲಿ ಹಿಡಿಯಲಾರರೆಂದು ತೋರಿಸಿದರು. ಆದುದರಿಂದ ಆ ಸಂಖ್ಯೆ ಸರಿಯಲ್ಲವೆಂದು ತೀರ್ಮಾನಿಸಿದರು. ಆ ವಿಚಾರದ ಬಲವನ್ನು ಶಾಸ್ತ್ರೋಕ್ತ ಅಳತೆಗಳಿಂದಲೇ ಸ್ಥೂಲವಾಗಿ ಪರೀಕ್ಷಿಸಬಹುದು. ಎರಡೂವರೆ ದ್ವೀಪಗಳ ಮನುಷ್ಯಲೋಕದ ವ್ಯಾಸ 45 ಲಕ್ಷ ಯೋಜನ. ವೃತ್ತದ ಪರಿಧಿಗೆ ಹತ್ತರ ವರ್ಗಮೂಲವನ್ನು ಬಳಸುವ ಜೈನ ಕ್ರಮದಂತೆ ಅದರ ಕ್ಷೇತ್ರಫಲ ಸುಮಾರು 16 ಲಕ್ಷ ಕೋಟಿ ಚದರ ಯೋಜನ. ಯೋಜನಕ್ಕೆ 8000 ದಂಡ, ದಂಡಕ್ಕೆ ನಾಲ್ಕು ಮೊಳ. ಲೋಕವನ್ನು ಅಳೆಯುವ ಪ್ರಮಾಣಾಂಗುಲವು ಶರೀರವನ್ನು ಅಳೆಯುವ ಉತ್ಸೇಧಾಂಗುಲದ 500 ಪಟ್ಟು. ಹೀಗೆ ಒಂದು ಪ್ರಮಾಣಯೋಜನವು 1,60,00,000 ಮೊಳ. ಒಂದು ಚದರ ಯೋಜನವು 256 ಲಕ್ಷ ಕೋಟಿ ಚದರ ಮೊಳ. ಇಡೀ ಮನುಷ್ಯಲೋಕದ ಚದರ ಮೊಳಗಳನ್ನು ಬರೆದರೆ 28 ಸ್ಥಾನಗಳ, 4ರಿಂದ ಆರಂಭವಾಗುವ ಒಂದು ಸಂಖ್ಯೆ ಬರುತ್ತದೆ. ಅದರಿಂದ ಪರಂಪರೆಯ ಸಂಖ್ಯೆಯನ್ನು ಭಾಗಿಸಿದರೆ ಒಂದೊಂದು ಚದರ ಮೊಳದಲ್ಲಿ ಸುಮಾರು 19 ಮಂದಿ ನಿಲ್ಲಬೇಕಾಗುತ್ತದೆ. ಅದೂ ಸಮುದ್ರ, ಪರ್ವತ, ನದಿಗಳನ್ನು ಕಳೆಯದೆ ಹಾಕಿದ ಲೆಕ್ಕ. ಒಂದು ಮೊಳದ ಚೌಕದಲ್ಲಿ ಒಬ್ಬನು ನಿಲ್ಲುವುದೇ ಕಷ್ಟ. ತೀರ್ಮಾನಕ್ಕೆ ಹೆಚ್ಚಿನ ವಾದ ಬೇಕಾಗಿಲ್ಲ.

ಇಲ್ಲಿ ಎರಡು ವಿಷಯಗಳನ್ನು ವಿಶೇಷವಾಗಿ ಮನಗಾಣಬೇಕು. ಮೊದಲನೆಯದಾಗಿ, ವೀರಸೇನರು ಅವಿಶ್ವಾಸಿಗಳಾಗಿ ಪ್ರಶ್ನೆ ಕೇಳಿದವರಲ್ಲ. ಆಗಮಕ್ಕಾಗಿ ಇಡೀ ಬದುಕನ್ನು ತೆತ್ತವರು. ಅವರು ಸಂಖ್ಯೆಯನ್ನು ಪರೀಕ್ಷಿಸಿದುದು ಆಗಮದ ಗೌರವ ಉಳಿಯಬೇಕೆಂಬ ಕಾರಣಕ್ಕೆ. ಎರಡನೆಯದಾಗಿ, ತಾವು ಒಪ್ಪದ ಸಂಖ್ಯೆಯನ್ನು ಅವರು ಮರೆಮಾಡಲಿಲ್ಲ. ಎದುರು ಪಕ್ಷವನ್ನು ಮುಂದಿಟ್ಟು, ಅದರ ದೋಷವನ್ನು ತೋರಿಸಿ, ನಿರ್ಣಯ ಹೇಳಿದರು. ಮುಂದೆ ಬರುವ ಓದುಗನು ತಮ್ಮ ಲೆಕ್ಕವನ್ನೂ ಪರೀಕ್ಷಿಸಲಿ ಎಂಬ ಧೈರ್ಯ ಅವರಿಗಿತ್ತು.

ಧವಲೆಯನ್ನು ಓದಿದವರಿಗೆ ವೀರಸೇನರ ಇನ್ನೊಂದು ಸ್ವಭಾವವೂ ಪರಿಚಿತ. ದಕ್ಷಿಣಪ್ರತಿಪತ್ತಿ, ಉತ್ತರಪ್ರತಿಪತ್ತಿ ಎಂದು ಆಚಾರ್ಯರ ಭಿನ್ನ ಪರಂಪರೆಗಳನ್ನು ಅವರು ಹೆಸರಿಸಿ ದಾಖಲಿಸುತ್ತಾರೆ. ಎರಡು ಅಭಿಪ್ರಾಯಗಳ ನಡುವೆ ನಿರ್ಣಯ ಕೊಡಲು ಆಧಾರ ದೊರೆಯದಿದ್ದಾಗ, ಕೇವಲಿಗಳು ಅಥವಾ ಶ್ರುತಕೇವಲಿಗಳೇ ಇದನ್ನು ಹೇಳಬಲ್ಲರೆಂದು ಎರಡನ್ನೂ ಉಳಿಸಿಕೊಳ್ಳುತ್ತಾರೆ. ಆಧಾರವಿದ್ದಲ್ಲಿ ಸಂಕೋಚವಿಲ್ಲದೆ ನಿರ್ಣಯ, ಇಲ್ಲದಲ್ಲಿ ವಿನಯದಿಂದ ಮೌನ. ಅನೇಕಾಂತವೆಂದರೆ ಎಲ್ಲವೂ ಸರಿ ಎಂದು ತಲೆಯಾಡಿಸುವುದೆಂದು ತಪ್ಪು ತಿಳಿಯುವವರಿದ್ದಾರೆ. 29 ಸ್ಥಾನಗಳ ಸಂಖ್ಯೆಯೂ ಸರಿ, ಅದಕ್ಕಿಂತ ಕಡಿಮೆಯ ಎಲ್ಲೆಯೂ ಸರಿ ಎಂದು ವೀರಸೇನರು ಹೇಳಬಹುದಾಗಿತ್ತು. ಅವರು ಹಾಗೆ ಹೇಳಲಿಲ್ಲ. ನಯದೃಷ್ಟಿಯು ಲೆಕ್ಕದ ತಪ್ಪಿಗೆ ಹೊದಿಕೆಯಾಗಲಾರದು.

ಆದರೂ ಆ ಸಂಖ್ಯೆಯು ಮರೆಯಾಗಲಿಲ್ಲ. ಹತ್ತನೆಯ ಶತಮಾನದಲ್ಲಿ ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು 'ಗೊಮ್ಮಟಸಾರ'ದ ಜೀವಕಾಂಡದಲ್ಲಿ ಪರ್ಯಾಪ್ತ ಮನುಷ್ಯರ ಸಂಖ್ಯೆಯನ್ನು ಐದನೆಯ ವರ್ಗದ ಘನವೆಂದೇ ಹೇಳಿದರು. 29 ಅಂಕಿಗಳನ್ನು ಅಕ್ಷರಗಳಲ್ಲಿ ಅಡಗಿಸಿ, ಬಲದಿಂದ ಎಡಕ್ಕೆ ಓದುವಂತೆ ಒಂದು ಗಾಥೆಯಲ್ಲಿ ಕೂಡಿಸಿದರು. ಕಂಠಸ್ಥ ಮಾಡುವವನಿಗೆ ಅದು ದೊಡ್ಡ ಉಪಕಾರ. 1359ರಲ್ಲಿ ಕೇಶವಣ್ಣನು, ಅಂದರೆ ಕೇಶವವರ್ಣಿಯು, ಗೊಮ್ಮಟಸಾರಕ್ಕೆ ಕನ್ನಡದಲ್ಲಿ ವೃತ್ತಿಯನ್ನು ಬರೆದನು. ಮುಂದೆ ಸಂಸ್ಕೃತದ ಟೀಕೆಯೂ, ಅದನ್ನು ಅನುಸರಿಸಿ ಪಂಡಿತ ಟೋಡರಮಲ್ಲರ ಹಿಂದಿ ಪ್ರದೇಶದ ಭಾಷಾಟೀಕೆಯೂ ಹುಟ್ಟಿದುದಕ್ಕೆ ಈ ಕನ್ನಡ ವೃತ್ತಿಯೇ ಮೂಲ.

ಹೀಗೆ ಇಬ್ಬರು ಪೂಜ್ಯ ಆಚಾರ್ಯರ ಗ್ರಂಥಗಳಲ್ಲಿ ಒಂದೇ ವಿಷಯಕ್ಕೆ ಎರಡು ನಿಲುವುಗಳು ನಿಂತಿವೆ. ಶ್ರಾವಕನು ಇದರಿಂದ ಗಾಬರಿಯಾಗಬೇಕಿಲ್ಲ. ಒಬ್ಬರನ್ನು ಎತ್ತಿ ಹಿಡಿಯಲು ಇನ್ನೊಬ್ಬರನ್ನು ಇಳಿಸಬೇಕಾಗಿಯೂ ಇಲ್ಲ. ಇಬ್ಬರ ಮಾತನ್ನೂ ಲಿಪಿಕಾರರು ತಿದ್ದದೆ ಉಳಿಸಿದರು. ಒಂದರ ಅಂಕಿಯನ್ನು ಇನ್ನೊಂದಕ್ಕೆ ಹೊಂದಿಸಲು ಯಾರೂ ಓಲೆಯನ್ನು ಕೆರೆಯಲಿಲ್ಲ. ಇದು ಸಣ್ಣ ಪ್ರಾಮಾಣಿಕತೆಯಲ್ಲ.

ಧವಲೆಯ ಓಲೆಪ್ರತಿಗಳು ಉಳಿದುದು ಕನ್ನಡ ನಾಡಿನ ಮೂಡಬಿದಿರೆಯಲ್ಲಿ, ಹಳಗನ್ನಡ ಲಿಪಿಯಲ್ಲಿ. ಬಹುಕಾಲ ಅವು ದರ್ಶನಕ್ಕೆ ಮಾತ್ರ ದೊರೆಯುತ್ತಿದ್ದವು, ಓದಿಗಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕಾರ್ಯ ಆರಂಭವಾಯಿತು. ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 1939ರಿಂದ ಸುಮಾರು ಎರಡು ದಶಕಗಳಲ್ಲಿ 16 ಸಂಪುಟಗಳು ಹೊರಬಂದವು. ಈ ಕಾರ್ಯದಲ್ಲಿ ಅವರಿಗೆ ನೆರವಾದ ಡಾ. ಆ.ನೇ. ಉಪಾಧ್ಯೆಯವರು 1906ರಲ್ಲಿ ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ ಹುಟ್ಟಿದವರು. 1967ರಲ್ಲಿ ಶ್ರವಣಬೆಳಗೊಳದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಕೇಶವಣ್ಣನ ಕನ್ನಡ ವೃತ್ತಿಯ ಸಂಪಾದನೆಯಲ್ಲಿಯೂ ಅವರ ಹೆಸರಿದೆ. ಧವಲೆಯ ನಾಲ್ಕನೆಯ ಸಂಪುಟವು 1942ರಲ್ಲಿ ಪ್ರಕಟವಾದಾಗ ಲಖನೌ ವಿಶ್ವವಿದ್ಯಾಲಯದ ಗಣಿತಜ್ಞ ಅವಧೇಶ ನಾರಾಯಣ ಸಿಂಹರು ಅದರ ಗಣಿತವನ್ನು ಕುರಿತು ಬರೆದ ಪ್ರಬಂಧವು ಅದರಲ್ಲಿ ಸೇರಿತು. 29 ಸ್ಥಾನಗಳ ಸಂಖ್ಯೆಯ ಮೇಲಣ ವೀರಸೇನರ ವಿಚಾರವು ಆಧುನಿಕ ವಿದ್ವಾಂಸರ ಗಮನಕ್ಕೆ ಬಂದುದು ಹೀಗೆ. ಮಹಾವೀರಾಚಾರ್ಯರ ಗ್ರಂಥವನ್ನು ಮದರಾಸಿನ ಎಂ. ರಂಗಾಚಾರ್ಯರು 1912ರಲ್ಲಿಯೇ ಪ್ರಕಟಿಸಿದ್ದರು.

ಮಹಾವೀರಾಚಾರ್ಯರ ಹೆಸರು ಬಂದಾಗ ಅವರ ಸಂಖ್ಯಾಮಾಲೆಗಳನ್ನು ನೆನೆಯದಿರಲಾಗದು. 27994681ನ್ನು 441ರಿಂದ ಗುಣಿಸಿದರೆ 12345654321 ಬರುತ್ತದೆ. ಒಂದರಿಂದ ಆರರವರೆಗೆ ಏರಿ ಮತ್ತೆ ಒಂದಕ್ಕೆ ಇಳಿಯುವ ಈ ಸಂಖ್ಯೆಯನ್ನು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. 12345679ನ್ನು 9ರಿಂದ ಗುಣಿಸಿದರೆ ಒಂಬತ್ತು ಒಂದುಗಳು. 142857143ನ್ನು 7ರಿಂದ ಗುಣಿಸಿದರೆ 1000000001. ಇಂಥವನ್ನು ಅವರು ಕೊರಳಿನ ಹಾರಕ್ಕೆ ಹೋಲಿಸಿ ವಿದ್ಯಾರ್ಥಿಗಳಿಗೆ ಕೊಟ್ಟರು. ಒಂದು ಅಂಕಿ ತಪ್ಪಿದರೂ ಹಾರದ ಸೊಬಗು ಕೆಡುತ್ತದೆ. ಲೆಕ್ಕ ಮಾಡುವ ಬಾಲಕನಿಗೆ ತಪ್ಪು ತಾನಾಗಿಯೇ ತಿಳಿಯುತ್ತದೆ. ಸೌಂದರ್ಯವನ್ನೇ ತಾಳೆಯಾಗಿ ಬಳಸಿದ ಉಪಾಯವದು. ವೀರಸೇನರ ಪ್ರಸಂಗವು ಅದಕ್ಕೆ ಪೂರಕವಾದ ಇನ್ನೊಂದು ಪಾಠವನ್ನು ಕಲಿಸುತ್ತದೆ. ಗುಣಾಕಾರ ಸರಿಯಾಗಿದ್ದು ಸಂಖ್ಯೆ ಸುಂದರವಾಗಿದ್ದ ಮಾತ್ರಕ್ಕೆ, ಅದು ಯಾವ ವಸ್ತುವಿನ ಎಣಿಕೆಯೆಂದು ಹೇಳಲಾಗಿದೆಯೋ ಆ ವಸ್ತುವಿಗೆ ಒಪ್ಪುತ್ತದೆಂದು ಹೇಳಲಾಗದು.

ಈ ಪಾಠ ಇಂದಿಗೂ ಬೇಕಾಗಿದೆ. 2011ರ ಜನಗಣತಿಯಂತೆ ಭಾರತದಲ್ಲಿ ಜೈನರ ಸಂಖ್ಯೆ 44,51,753, ಕರ್ನಾಟಕದಲ್ಲಿ 4,40,280. ಸಭೆ ಸಮಾರಂಭಗಳಲ್ಲಿ ಇದಕ್ಕಿಂತ ಹಲವು ಪಟ್ಟು ದೊಡ್ಡ ಸಂಖ್ಯೆಗಳು ಕೇಳಿಬರುವುದುಂಟು. ಜನಗಣತಿಯಲ್ಲಿ ಧರ್ಮದ ಅಂಕಣವನ್ನು ಸರಿಯಾಗಿ ಬರೆಯಿಸದ ಕುಟುಂಬಗಳು ಇದ್ದರೆ ಅವುಗಳನ್ನು ಹುಡುಕಿ, ಊರೂರಿನ ಪಟ್ಟಿ ಮಾಡಿ, ಆಧಾರ ಸಹಿತ ಹೇಳುವುದು ನ್ಯಾಯ. ಆಧಾರವಿಲ್ಲದೆ ಸಂಖ್ಯೆಯನ್ನು ಹಿಗ್ಗಿಸುವುದು ಸಮಾಜಾಭಿಮಾನದ ಹೆಸರಿನಲ್ಲಿ ಸತ್ಯಾಣುವ್ರತಕ್ಕೆ ತರುವ ಕುಂದು. ಮನುಷ್ಯಲೋಕದ ಕ್ಷೇತ್ರಫಲದ ಮುಂದೆ ಪರಂಪರೆಯ ಸಂಖ್ಯೆಯನ್ನು ನಿಲ್ಲಿಸಿದ ವೀರಸೇನರು, ನಮ್ಮ ವೇದಿಕೆಗಳ ಸಂಖ್ಯೆಗಳ ಮುಂದೆಯೂ ಅದೇ ಪ್ರಶ್ನೆಯನ್ನು ಇಡುತ್ತಿದ್ದರು: ಇಷ್ಟು ಜನ ಎಲ್ಲಿದ್ದಾರೆ?

'ತತ್ತ್ವಾರ್ಥಸೂತ್ರ'ವು ವ್ರತಗಳ ಅತಿಚಾರಗಳನ್ನು ಹೇಳುವಾಗ ಸತ್ಯವ್ರತಕ್ಕೆ 'ಕೂಟಲೇಖಕ್ರಿಯೆ'ಯನ್ನೂ ಅಚೌರ್ಯವ್ರತಕ್ಕೆ 'ಹೀನಾಧಿಕಮಾನೋನ್ಮಾನ'ವನ್ನೂ ದೋಷವೆಂದು ಎಣಿಸುತ್ತದೆ. ಸುಳ್ಳು ಬರಹ ಮೊದಲನೆಯದು. ಕೊಳ್ಳುವಾಗ ಒಂದು, ಕೊಡುವಾಗ ಇನ್ನೊಂದು ಅಳತೆ ಬಳಸುವುದು ಎರಡನೆಯದು. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಜೈನಬಂಧುಗಳಲ್ಲಿ ಬಹುಪಾಲು ಒಕ್ಕಲುತನದವರು, ಉಳಿದವರಲ್ಲಿ ಅನೇಕರು ವ್ಯಾಪಾರದವರು. ಕಬ್ಬಿನ ತೂಕದ ಚೀಟಿ, ಅಡತಿ ಅಂಗಡಿಯ ತಕ್ಕಡಿ, ಹೊಲದ ಬದುವಿನ ಅಳತೆ, ಬಸದಿಯ ಜೀರ್ಣೋದ್ಧಾರದ ಪಟ್ಟಿ, ಚಾತುರ್ಮಾಸದ ಖರ್ಚಿನ ವಹಿ ಇವೇ ಅವರ ನಿತ್ಯದ ಗಣಿತ. ಇಲ್ಲಿ ಬರುವ ಸಂಖ್ಯೆಗಳಿಗೆ 29 ಸ್ಥಾನಗಳಿಲ್ಲ, ನಾಲ್ಕೋ ಆರೋ ಇರುತ್ತವೆ. ಪರೀಕ್ಷೆಯ ಕ್ರಮ ಮಾತ್ರ ಅದೇ. ಬರೆದ ಸಂಖ್ಯೆಯು ಇರುವ ವಸ್ತುವಿಗೆ ಒಪ್ಪುತ್ತದೆಯೇ? ಒಪ್ಪದಿದ್ದರೆ, ಬರೆದವರು ಎಷ್ಟೇ ದೊಡ್ಡವರಾಗಿದ್ದರೂ, ವಿನಯದಿಂದ ಹಾಗೂ ಸ್ಪಷ್ಟವಾಗಿ ಹೇಳಬೇಕು.

ಹಾಗೆ ಹೇಳುವುದು ಸುಲಭವಲ್ಲ. ಊರ ಹಿರಿಯರು ಓದಿದ ಲೆಕ್ಕಪತ್ರದಲ್ಲಿ ತಪ್ಪು ಕಂಡ ಯುವಕನು ಸುಮ್ಮನಿರುವುದೇ ಸಭ್ಯತೆಯೆಂದು ತಿಳಿಯುತ್ತಾನೆ. ಹಿರಿಯರೂ ಪ್ರಶ್ನೆಯನ್ನು ಅವಮಾನವೆಂದು ಭಾವಿಸುತ್ತಾರೆ. ಧವಲಾಕಾರರ ಉದಾಹರಣೆಯು ಇಬ್ಬರಿಗೂ ದಾರಿ ತೋರಿಸುತ್ತದೆ. ಪ್ರಶ್ನಿಸುವವನು ಎದುರಿನ ಲೆಕ್ಕವನ್ನು ಪೂರ್ಣವಾಗಿ ಬರೆದುಕೊಂಡು, ತನ್ನ ಲೆಕ್ಕವನ್ನೂ ಎಲ್ಲರ ಮುಂದಿಡಬೇಕು. ಉತ್ತರಿಸುವವನು ತನ್ನ ಸ್ಥಾನವನ್ನು ಮುಂದೊಡ್ಡದೆ ಲೆಕ್ಕವನ್ನು ಮುಂದೊಡ್ಡಬೇಕು.

ಕಲ್ಲೋಳಿಯ ಕಲ್ಲಿನ ಮೇಲೆ ಎಂಟು ಶತಮಾನಗಳ ಹಿಂದೆ ದಾನವನ್ನು ಬರೆಯಿಸಿದವರು, ಮುಂದೆ ಯಾರಾದರೂ ಬಂದು ಅಳೆದು ನೋಡುವರೆಂದು ತಿಳಿದೇ ಬರೆಯಿಸಿದರು. ಗೋಕಾಕದ ತಾಮ್ರಪಟದ 50 ನಿವರ್ತನವೂ ಹಾಗೆಯೇ. ಅಳೆದರೆ ಸರಿಹೋಗಬೇಕೆಂಬ ಭಯವೂ ಸರಿಹೋಗುತ್ತದೆಂಬ ನಂಬಿಕೆಯೂ ಆ ಬರಹಗಳಲ್ಲಿ ಕೂಡಿವೆ. ಬಸದಿಯ ವಹಿಯಲ್ಲಿ ಇಂದು ಒಂದು ಅಂಕಿಯನ್ನು ಬರೆಯುವವನು ಅದೇ ಭಯವನ್ನೂ ನಂಬಿಕೆಯನ್ನೂ ಇಟ್ಟುಕೊಂಡು ಬರೆದರೆ, ವೀರಸೇನಾಚಾರ್ಯರ ಪರಂಪರೆಗೆ ಅವನೂ ಸೇರಿದಂತಾಗುತ್ತದೆ.